ಅಂಕಿಯಿಂದ ಅಕ್ಷರಕ್ಕೆ: ಚೆಕ್ಕು, ರಸೀದಿ, ಕರಾರಿನಲ್ಲಿ ಮೊತ್ತವನ್ನು ಕನ್ನಡದಲ್ಲಿ ಬರೆಯುವ ಬಗೆ

ನನ್ನ ತಮ್ಮನ ಮಗ ಈಚೆಗೆ ಮನೆ ಬದಲಿಸಿದ. ಹಾಲಿನಿಂದ ಹಿಡಿದು ಆಟೋವರೆಗೆ ಎಲ್ಲಕ್ಕೂ ಫೋನಿನಲ್ಲೇ ದುಡ್ಡು ಕಳಿಸಿ ಅಭ್ಯಾಸ ಇರುವ ಹುಡುಗ. ಹೊಸ ಮನೆಯ ಮಾಲೀಕರು ಹಳೇ ಕಾಲದವರು. ಅಡ್ವಾನ್ಸ್ ಚೆಕ್ಕಿನಲ್ಲೇ ಕೊಡಿ, ಕನ್ನಡದಲ್ಲಿ ಬರೆದರೆ ಇನ್ನೂ ಸಂತೋಷ ಅಂದರಂತೆ. ಹುಡುಗ ನನಗೆ ಫೋನ್ ಮಾಡಿದ. "ದೊಡ್ಡಪ್ಪ, ನಲವತ್ತೇಳು ಸಾವಿರದ ಐನೂರು ಅಂತ ಬಾಯಲ್ಲಿ ಸಲೀಸಾಗಿ ಬರುತ್ತೆ. ಬರೆಯೋಕೆ ಕೂತರೆ ಕೈ ನಿಂತುಬಿಡುತ್ತೆ. ನಲವತ್ತು ಏಳಾ, ನಲವತ್ತೇಳಾ? ಐದು ನೂರಾ, ಐನೂರಾ? ಸಾವಿರನಾ, ಸಾವಿರದನಾ?"

ಅವನ ಮೂರು ಪ್ರಶ್ನೆಯಲ್ಲೇ ಈ ವಿಷಯದ ಮುಕ್ಕಾಲು ಪಾಲು ಇದೆ. ಉಳಿದ ಕಾಲು ಪಾಲು ಬ್ಯಾಂಕಿನದು, ಕರಾರಿನದು, ಪಹಣಿಯದು. ಒಂದೊಂದಾಗಿ ನೋಡೋಣ.

ಎಲ್ಲಕ್ಕಿಂತ ಮೊದಲು: ನೂರು ಬೇರೆ, ನೂರ ಬೇರೆ

ಬಾಯಿಬಿಟ್ಟು ಹೇಳಿ ನೋಡಿ: ನೂರು. ಈಗ ಹೇಳಿ: ನೂರ ಐದು. ಎರಡನೆಯದರಲ್ಲಿ 'ರು' ಹೋಗಿ 'ರ' ಬಂತು. ಇದೇನು ಸಣ್ಣ ವಿಷಯ ಅನ್ನಬೇಡಿ. 'ನೂರು' ಅಂದರೆ ಲೆಕ್ಕ ಅಲ್ಲಿಗೆ ಮುಗಿಯಿತು. 'ನೂರ' ಅಂದರೆ ಇನ್ನೂ ಇದೆ, ತಾಳಿ. ಸಾವಿರ ಮುಗಿದರೆ 'ಸಾವಿರ', ಮುಂದೆ ಬಾಲ ಇದ್ದರೆ 'ಸಾವಿರದ'. ಲಕ್ಷ ಮುಗಿದರೆ 'ಲಕ್ಷ', ಬಾಲ ಇದ್ದರೆ 'ಲಕ್ಷದ'.

ಇದನ್ನು ನಾನು ಕೊಂಡಿ ಅಂತ ಕರೆಯುತ್ತೇನೆ. ರೈಲು ಡಬ್ಬಿಗಳ ನಡುವಿನ ಕೊಂಡಿಯ ಹಾಗೆ. ಇಂಗ್ಲಿಷಿನ 'ಹಂಡ್ರೆಡ್' ಮುಗಿದರೂ ಹಂಡ್ರೆಡ್, ಮುಂದುವರಿದರೂ ಹಂಡ್ರೆಡ್. ನಮ್ಮ ಭಾಷೆಯಲ್ಲಿ ಪದದ ಕೊನೆಯನ್ನು ನೋಡಿದರೆ ಸಾಕು, ಮುಂದೆ ಡಬ್ಬಿ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಹಣದ ವಿಷಯದಲ್ಲಿ ಇದು ಎಷ್ಟು ಉಪಯೋಗ ಅನ್ನುವುದು ಚೆಕ್ಕಿನ ಭಾಗಕ್ಕೆ ಬಂದಾಗ ತಿಳಿಯುತ್ತದೆ.

ಮಾತಿನಲ್ಲಿ ನಾವು 'ನೂರಾ ಒಂದು' ಎಂದು ಎಳೆಯುತ್ತೇವೆ. ಮದುವೆ ಮುಯ್ಯಿ ಬರೆಯುವವರು ಮೈಕಿನಲ್ಲಿ ಕೂಗುವುದೂ ಹಾಗೇ. ಬರಹದಲ್ಲಿ 'ನೂರ ಒಂದು' ಸಾಕು. 'ನೂರೊಂದು' ಎಂದು ಕೂಡಿಸಿ ಬರೆದರೂ ಸರಿ. ಆದರೆ ಹಣದ ಕಾಗದದಲ್ಲಿ ಬಿಡಿಸಿ ಬರೆಯುವುದು ಮೇಲು. 'ಇನ್ನೂರೈವತ್ತೈದು' ಎಂದು ಒಂದೇ ಉಸಿರಿಗೆ ಬರೆದರೆ ಓದುವವರಿಗೆ ಕಷ್ಟ. 'ಇನ್ನೂರ ಐವತ್ತೈದು' ಎಂದರೆ ಕಣ್ಣಿಗೆ ಹಿತ.

ಹೆಜ್ಜೆ 1: ಅಂಕಿಯನ್ನು ಬಲಗಡೆಯಿಂದ ಕತ್ತರಿಸಿ

ಬಲತುದಿಯಿಂದ ಮೂರು ಅಂಕಿ ಬಿಟ್ಟು ಒಂದು ಅಲ್ಪವಿರಾಮ. ಆಮೇಲೆ ಎರಡೆರಡು ಅಂಕಿಗೆ ಒಂದೊಂದು. 61095297 ಎಂಬ ಸಂಖ್ಯೆ 6,10,95,297 ಆಗುತ್ತದೆ. ಎಡದಿಂದ ಓದಿದರೆ ಕೋಟಿ, ಲಕ್ಷ, ಸಾವಿರ, ಕೊನೆಗೆ ಮೂರಂಕಿಯ ತುಂಡು. ಇದು 2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ. ಅಕ್ಷರದಲ್ಲಿ: ಆರು ಕೋಟಿ ಹತ್ತು ಲಕ್ಷದ ತೊಂಬತ್ತೈದು ಸಾವಿರದ ಇನ್ನೂರ ತೊಂಬತ್ತೇಳು.

ಗಮನಿಸಿ, ಕೋಟಿಗೆ ಕೊಂಡಿ ಹಾಕಿಲ್ಲ. 'ಕೋಟಿಯ' ಎಂದು ಬರೆದರೆ ತಪ್ಪಲ್ಲ, ಆದರೆ ರೂಢಿಯಲ್ಲಿ ಕೋಟಿ ಕೋಟಿಯಾಗಿಯೇ ಉಳಿಯುತ್ತದೆ. ಲಕ್ಷದ ಕೊಂಡಿಯನ್ನೂ ಎಷ್ಟೋ ಜನ ಬಿಡುತ್ತಾರೆ: 'ಒಂದು ಲಕ್ಷ ಇಪ್ಪತ್ತು ಸಾವಿರ'. ನಡೆಯುತ್ತದೆ. ಸಾವಿರದ ಕೊಂಡಿ, ನೂರರ ಕೊಂಡಿ ಮಾತ್ರ ಬಿಡಬೇಡಿ. 'ಸಾವಿರ ನೂರು ಐವತ್ತು' ಎಂದರೆ ಕನ್ನಡದ ಕಿವಿಗೆ ಮೂರು ಬೇರೆ ಬೇರೆ ನೋಟು ಎಣಿಸಿದ ಹಾಗೆ ಕೇಳುತ್ತದೆ.

ಹೆಜ್ಜೆ 2: ಒಂದರಿಂದ ತೊಂಬತ್ತೊಂಬತ್ತು

ಇಲ್ಲಿ ಸ್ವಲ್ಪ ಹೊತ್ತು ಕೂರೋಣ. ತಪ್ಪುಗಳು ಹುಟ್ಟುವುದು ಜಾಸ್ತಿ ಇಲ್ಲೇ.

ಹತ್ತುಗಳ ಸಾಲು ಇದು: ಹತ್ತು, ಇಪ್ಪತ್ತು, ಮೂವತ್ತು, ನಲವತ್ತು, ಐವತ್ತು, ಅರವತ್ತು, ಎಪ್ಪತ್ತು, ಎಂಬತ್ತು, ತೊಂಬತ್ತು. ಹತ್ತರ ನಂತರದ ಗುಂಪು ಸ್ವಲ್ಪ ತರಲೆ. ಹನ್ನೊಂದು, ಹನ್ನೆರಡು ಒಂದು ಬಗೆ. ಹದಿಮೂರರಿಂದ ಹದಿನೆಂಟರವರೆಗೆ 'ಹದಿ' ಬರುತ್ತದೆ: ಹದಿಮೂರು, ಹದಿನಾಲ್ಕು, ಹದಿನೈದು, ಹದಿನಾರು, ಹದಿನೇಳು, ಹದಿನೆಂಟು. ಹತ್ತೊಂಬತ್ತು ಮತ್ತೆ ಬೇರೆ ದಾರಿ ಹಿಡಿಯುತ್ತದೆ. ಇವನ್ನು ಬಾಯಿಪಾಠವೇ ಮಾಡಬೇಕು.

ಇಪ್ಪತ್ತರಿಂದ ಮುಂದೆ ಒಂದೇ ಅಚ್ಚು. ಕೊನೆಯ 'ಉ' ಬಿದ್ದುಹೋಗಿ ಮುಂದಿನ ಸ್ವರ ಬಂದು ಕೂರುತ್ತದೆ. ಶಾಲೆಯಲ್ಲಿ ಲೋಪ ಸಂಧಿ ಅಂತ ಕಲಿತಿದ್ದೇವಲ್ಲ, ಅದೇ. ಇಪ್ಪತ್ತೊಂದು, ಇಪ್ಪತ್ತೆರಡು, ಇಪ್ಪತ್ತೈದು, ಇಪ್ಪತ್ತಾರು, ಇಪ್ಪತ್ತೇಳು, ಇಪ್ಪತ್ತೆಂಟು, ಇಪ್ಪತ್ತೊಂಬತ್ತು. ಇದನ್ನೇ ಮೂವತ್ತಕ್ಕೂ ತೊಂಬತ್ತಕ್ಕೂ ಹಾಕಿಕೊಳ್ಳಿ. ಹಾಗಾಗಿ ಹುಡುಗನ ಮೊದಲ ಪ್ರಶ್ನೆಗೆ ಉತ್ತರ: ನಲವತ್ತೇಳು. 'ನಲವತ್ತು ಏಳು' ಎಂದು ಬಿಡಿಸಿ ಬರೆದರೆ ಅರ್ಥವೇನೋ ಆಗುತ್ತದೆ, ಆದರೆ ನಡುವೆ ಸುಮ್ನೆ ಒಂದು ಕಿಂಡಿ ತೆರೆದಿಟ್ಟ ಹಾಗೆ.

ಈ ಅಚ್ಚಿಗೆ ಒಗ್ಗದವು ಎರಡೇ: ಮೂರು ಮತ್ತು ನಾಲ್ಕು. ಬೇರೆಲ್ಲ ಸ್ವರದಿಂದ ಶುರುವಾಗುತ್ತವೆ, ಇವು ವ್ಯಂಜನದಿಂದ. ಸಂಧಿಗೆ ಹಿಡಿತ ಸಿಗುವುದಿಲ್ಲ. ಅದಕ್ಕೇ 23 ಬರೆಯಲು ಕೂತರೆ ನಾಲ್ಕು ಜನ ನಾಲ್ಕು ಥರ ಬರೆಯುತ್ತಾರೆ: ಇಪ್ಪತ್ತಮೂರು, ಇಪ್ಪತ್ತುಮೂರು, ಇಪ್ಪತ್ಮೂರು, ಇಪ್ಪತ್ತು ಮೂರು. ನಾನು ಬರೆಯುವುದು ಇಪ್ಪತ್ತಮೂರು, ಇಪ್ಪತ್ತನಾಲ್ಕು. 'ಇಪ್ಪತ್ತುಮೂರು' ಕೂಡ ಸರಿಯೇ. 'ಇಪ್ಪತ್ಮೂರು' ಮಾತಿಗೆ ಚೆನ್ನ, ಕಾಗದಕ್ಕೆ ಬೇಡ. ಯಾವುದನ್ನು ಹಿಡಿದರೂ ಒಂದೇ ಕಾಗದದಲ್ಲಿ ಕೊನೆಯವರೆಗೂ ಅದನ್ನೇ ಹಿಡಿಯಿರಿ.

ಇನ್ನು ಕಾಗುಣಿತ. ಒಂಭತ್ತು, ಎಂಭತ್ತು, ತೊಂಭತ್ತು ಎಂದು ಮಹಾಪ್ರಾಣ ಹಾಕಿ ಬರೆಯುವವರು ಬಹಳ. ಅದರಿಂದ ಚೆಕ್ಕೇನೂ ವಾಪಸ್ ಬರುವುದಿಲ್ಲ. ಆದರೆ ಅಲ್ಲಿ 'ಭ'ಕ್ಕೆ ಕೆಲಸವಿಲ್ಲ. ಹತ್ತಕ್ಕೆ ಹಳಗನ್ನಡದಲ್ಲಿ 'ಪತ್ತು' ಎನ್ನುತ್ತಿದ್ದರು. ಪುಲಿ ಹುಲಿಯಾದ ಹಾಗೆ ಪತ್ತು ಹತ್ತಾಯಿತು. ಆದರೆ ಇಪ್ಪತ್ತು, ಎಪ್ಪತ್ತುಗಳ ಹೊಟ್ಟೆಯೊಳಗೆ ಆ ಹಳೇ 'ಪ' ಈಗಲೂ ಹಾಗೇ ಕೂತಿದೆ. ಎಂಬತ್ತು, ತೊಂಬತ್ತರಲ್ಲಿ ಅದೇ 'ಪ' ಮೆತ್ತಗಾಗಿ 'ಬ' ಆಗಿದೆ. ಅಚ್ಚಗನ್ನಡದ ಪದಕ್ಕೆ ಸುಮ್ಮನೆ ಉಸಿರು ಒತ್ತಿ ಹೊಟ್ಟೆ ಸೀಳುವುದು ಯಾಕೆ?

ಕಾಗುಣಿತಕ್ಕಿಂತ ದೊಡ್ಡ ಅಪಾಯ ಕಿವಿಯದು. ಒಂಬತ್ತು, ಎಂಬತ್ತು, ತೊಂಬತ್ತು. ಗಲಾಟೆಯ ಜಾಗದಲ್ಲಿ, ಫೋನಿನಲ್ಲಿ ಮೂರೂ ಒಂದೇ. ಒಮ್ಮೆ ಬಡಗಿಯವರು ಫೋನಿನಲ್ಲಿ ಹೇಳಿದ ಎಂಬತ್ತು ಸಾವಿರವನ್ನು ನಾನು ತೊಂಬತ್ತು ಎಂದು ಕೇಳಿಸಿಕೊಂಡು ಚೆಕ್ ಬರೆದಿಟ್ಟಿದ್ದೆ. ಅವರು ಒಳ್ಳೆಯವರು, ನೋಡಿದ ತಕ್ಷಣ ನಕ್ಕು ವಾಪಸ್ ಕೊಟ್ಟರು. ಅಂದಿನಿಂದ ನಾನು ಫೋನಿನಲ್ಲಿ ಮೊತ್ತ ಹೇಳಿದರೆ ಬಿಡಿ ಅಂಕಿಯನ್ನೂ ಹೇಳುತ್ತೇನೆ: "ಎಂಬತ್ತು, ಎಂಟು-ಸೊನ್ನೆ". ಕೇಳಿಸಿಕೊಳ್ಳುವಾಗಲೂ ಹಾಗೇ ಕೇಳಿ ಬರೆದುಕೊಳ್ಳುತ್ತೇನೆ.

ಹೆಜ್ಜೆ 3: ನೂರುಗಳು

ನೂರು, ಇನ್ನೂರು, ಮುನ್ನೂರು, ನಾಲ್ಕುನೂರು, ಐನೂರು, ಆರುನೂರು, ಏಳುನೂರು, ಎಂಟುನೂರು, ಒಂಬೈನೂರು.

ನಾನೂರು ಎಂದರೂ ನಾಲ್ಕುನೂರೇ. ಐದುನೂರು, ಒಂಬತ್ತುನೂರು ಎಂದು ಬರೆಯುವವರೂ ಇದ್ದಾರೆ. ಆದರೆ 'ಎರಡುನೂರು', 'ಮೂರುನೂರು' ದಾಖಲೆಯಲ್ಲಿ ಓದಲು ಒರಟು. ಸಂಶಯ ಬಂದರೆ ಜೇಬಿನಿಂದ ನೋಟು ತೆಗೆಯಿರಿ. ಹಿಂಬದಿಯಲ್ಲಿ ಹದಿನೈದು ಭಾಷೆಗಳ ಪಟ್ಟಿ ಇರುತ್ತದೆ. ಮೇಲಿನಿಂದ ನಾಲ್ಕನೇ ಸಾಲು ಕನ್ನಡ. ಅಸ್ಸಾಮಿ, ಬಂಗಾಳಿ, ಗುಜರಾತಿ ಆದಮೇಲೆ ನಾವು. ಇನ್ನೂರರ ನೋಟಿನಲ್ಲಿ 'ಇನ್ನೂರು ರೂಪಾಯಿಗಳು', ಐನೂರರದ್ದರಲ್ಲಿ 'ಐನೂರು ರೂಪಾಯಿಗಳು' ಎಂದು ಅಚ್ಚಾಗಿದೆ. ಹುಡುಗನ ಎರಡನೇ ಪ್ರಶ್ನೆಗೆ ಉತ್ತರ ಅವನ ಪರ್ಸಿನಲ್ಲೇ ಇತ್ತು.

ನೋಟಿನಲ್ಲಿ 'ರೂಪಾಯಿಗಳು' ಇದೆ ಎಂದು ನೀವೂ 'ಗಳು' ಹಾಕಲೇಬೇಕೆಂದಿಲ್ಲ. ಹತ್ತು ರೂಪಾಯಿ, ನಾಲ್ಕು ತೆಂಗಿನಕಾಯಿ, ಎರಡು ಚೀಲ ಅಕ್ಕಿ: ಸಂಖ್ಯೆ ಮುಂದೆ ಬಂದರೆ ಬಹುವಚನ ಬೇಡ ಎನ್ನುವುದು ನಮ್ಮ ಮಾತಿನ ಜಾಯಮಾನ. ಎರಡೂ ಒಪ್ಪಿಗೆ.

ಹೆಜ್ಜೆ 4: ಸೊನ್ನೆಗಳನ್ನು ದಾಟುವುದು

ನಡುವೆ ಸೊನ್ನೆ ಬಂದರೆ ಆ ಸ್ಥಾನದ ಹೆಸರೇ ಹೇಳಬೇಡಿ, ಮುಂದಕ್ಕೆ ಹೋಗಿ. ಇದು ಸುಲಭ ಅನ್ನಿಸುತ್ತದೆ. ಆದರೂ ಈ ಮೂರನ್ನು ಒಟ್ಟಿಗೆ ನೋಡಿ.

8,019: ಎಂಟು ಸಾವಿರದ ಹತ್ತೊಂಬತ್ತು.
8,190: ಎಂಟು ಸಾವಿರದ ನೂರ ತೊಂಬತ್ತು.
8,900: ಎಂಟು ಸಾವಿರದ ಒಂಬೈನೂರು.

ಮಾತಿನಲ್ಲಿ ನಾವು ಬಹಳ ನುಂಗುತ್ತೇವೆ. 'ಲಕ್ಷದ ಐದು' ಎಂದರೆ ಸೈಟು ಮಾರುವವರ ಬಾಯಲ್ಲಿ 1,05,000. ಕಾಗದದ ಮೇಲೆ ಅದೇ 'ಒಂದು ಲಕ್ಷದ ಐದು ರೂಪಾಯಿ' ಎಂದರೆ 1,00,005. ನುಂಗಿದ 'ಸಾವಿರ'ವನ್ನು ಕಾಗದದಲ್ಲಿ ಉಗುಳಲೇಬೇಕು.

ಹೆಜ್ಜೆ 5: ರೂಪಾಯಿ, ಪೈಸೆ, ಮಾತ್ರ

ಮೊತ್ತ ಮುಗಿದ ಕೂಡಲೇ, ಜಾಗ ಬಿಡದೆ, 'ರೂಪಾಯಿ'. ಪೈಸೆ ಇದ್ದರೆ ಅದೂ. ಆಮೇಲೆ 'ಮಾತ್ರ'. 18,743.50 ಎಂಬುದು 'ಹದಿನೆಂಟು ಸಾವಿರದ ಏಳುನೂರ ನಲವತ್ತಮೂರು ರೂಪಾಯಿ ಐವತ್ತು ಪೈಸೆ ಮಾತ್ರ'. ಬಿಂದುವಿನ ನಂತರ 5 ಮಾತ್ರ ಇದ್ದರೆ ಅದು ಐವತ್ತು ಪೈಸೆ, 05 ಇದ್ದರೆ ಐದು ಪೈಸೆ. ಇಲ್ಲಿ ಎಡವಿದವರನ್ನು ಕಂಡಿದ್ದೇನೆ, ಲೆಕ್ಕದ ಮೇಷ್ಟ್ರುಗಳನ್ನೂ ಸೇರಿಸಿ.

ಪೈಸೆಗೆ ಈಗ ಕಿಮ್ಮತ್ತಿಲ್ಲ, ನಿಜ. ಇಪ್ಪತ್ತೈದು ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೆ ನಿಂತಿತು. ಆದರೆ ಬಿಲ್ಲಿನಲ್ಲಿ ಪೈಸೆ ಇನ್ನೂ ಬದುಕಿದೆ. ಹಳೇ ಕ್ರಯಪತ್ರ ಓದಬೇಕಾಗಿ ಬಂದರೆ ಇನ್ನೊಂದು ವಿಷಯ ನೆನಪಿರಲಿ. 1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ಪೈಸೆಯ ಲೆಕ್ಕ ಬಂತು. ಅದಕ್ಕೂ ಮೊದಲು ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ. ಅಜ್ಜನ ಕಾಗದದಲ್ಲಿ 12-8-0 ಎಂದಿದ್ದರೆ ಅದು ಹನ್ನೆರಡು ರೂಪಾಯಿ ಎಂಟಾಣೆ, ಅಂದರೆ ಹನ್ನೆರಡೂವರೆ ರೂಪಾಯಿ.

ಚೆಕ್ಕು ಬರೆಯುವಾಗ

ಮೊದಲ ಸಂಶಯ: ಕನ್ನಡದಲ್ಲಿ ಬರೆದರೆ ಬ್ಯಾಂಕಿನವರು ತಗೊಳ್ತಾರಾ? ತಗೊಳ್ಳಬೇಕು. ಹಿಂದಿ, ಇಂಗ್ಲಿಷ್ ಅಥವಾ ಆಯಾ ಪ್ರದೇಶದ ಭಾಷೆಯಲ್ಲಿ ಗ್ರಾಹಕರು ಚೆಕ್ ಬರೆಯಬಹುದು ಎಂದು ರಿಸರ್ವ್ ಬ್ಯಾಂಕೇ ಹೇಳಿದೆ. ಆದರೆ ಚೆಕ್ಕು ಬೇರೆ ರಾಜ್ಯಕ್ಕೆ ಹೋಗುವುದಿದ್ದರೆ ಅಲ್ಲಿ ಓದುವವರ ಬಗ್ಗೆಯೂ ಯೋಚಿಸಿ.

ಎರಡನೆಯದು: ಅಂಕಿಗೂ ಅಕ್ಷರಕ್ಕೂ ತಾಳೆಯಾಗದಿದ್ದರೆ ಯಾವುದು ನಿಲ್ಲುತ್ತದೆ? ಅಕ್ಷರ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 18ನೇ ಸೆಕ್ಷನ್ ಹೇಳುವುದು ಅದನ್ನೇ. ಅಕ್ಷರದಲ್ಲಿರುವ ಮೊತ್ತವೇ ಕೊಡಬೇಕಾದ ಮೊತ್ತ. ಕಾನೂನು ಹೀಗಿದ್ದರೂ ಬ್ಯಾಂಕಿನ ಕೌಂಟರಿನಲ್ಲಿ ನಡೆಯುವುದು ಬೇರೆ. ಎರಡೂ ಹೊಂದುತ್ತಿಲ್ಲ ಎಂಬ ಚೀಟಿ ಅಂಟಿಸಿ ಸಾಮಾನ್ಯವಾಗಿ ಚೆಕ್ಕನ್ನೇ ವಾಪಸ್ ಕಳಿಸುತ್ತಾರೆ. ವಾದ ಮಾಡಿ ಪ್ರಯೋಜನವಿಲ್ಲ, ಸರಿಯಾಗಿ ಬರೆಯುವುದೇ ಸುಲಭ.

ಈಗ ಕೊಂಡಿಯ ವಿಷಯಕ್ಕೆ ವಾಪಸ್ ಬರುತ್ತೇನೆ. ಕನ್ನಡದ ಮೊತ್ತಕ್ಕೆ ಬಾಲದ ಕಡೆ ಬೀಗ ಇದೆ. 'ಐನೂರು ರೂಪಾಯಿ ಮಾತ್ರ' ಎಂದು ಒತ್ತಿ ಬರೆದರೆ ಹಿಂದೆ ಏನೂ ಸೇರಿಸಲಾಗದು. 'ರು' ಬಂದಾಯಿತು, ಲೆಕ್ಕ ಮುಗಿಯಿತು. ಬೀಗ ಇಲ್ಲದಿರುವುದು ತಲೆಯ ಕಡೆ. 'ಸಾವಿರ ರೂಪಾಯಿ ಮಾತ್ರ' ಎಂದು ಬರೆದು ಎಡಗಡೆ ಒಂದು ಬೆರಳಷ್ಟು ಜಾಗ ಬಿಟ್ಟಿರಿ ಎನ್ನಿ. ಯಾರೋ 'ಹತ್ತು' ಸೇರಿಸಿದರೆ ಹತ್ತು ಸಾವಿರ. 'ನೂರು' ಇನ್ನೂ ಮೋಸದ ಪದ. ಮುಂದೆ ಒಂದು 'ಇ', ಕೆಳಗೆ ಒಂದು ನಕಾರದ ಒತ್ತು. ಅಷ್ಟೇ, ಇನ್ನೂರು! 'ಇ' ಬದಲು 'ಮು' ಹಾಕಿದರೆ ಮುನ್ನೂರು.

ಆದ್ದರಿಂದ ಚೆಕ್ಕಿನಲ್ಲಿ 'ಒಂದು ಸಾವಿರ ರೂಪಾಯಿ', 'ಒಂದು ನೂರು ರೂಪಾಯಿ' ಎಂದೇ ಬರೆಯಿರಿ. ಮಾತಿನಲ್ಲಿ 'ಒಂದು ನೂರು ರೂಪಾಯಿ ಕೊಡು' ಎಂದರೆ ಸುಮಾರು ನೂರು ಅನ್ನುವ ಅರ್ಥ ಬರುತ್ತದೆ, ಅಲ್ವಾ? ಚೆಕ್ಕಿನಲ್ಲಿ ಆ ಗೊಂದಲವಿಲ್ಲ. ಸಾಲಿನ ಎಡತುದಿಗೆ ಅಂಟಿಸಿ ಶುರುಮಾಡಿ. ನಡುವೆ ಬರುವ ನೂರಕ್ಕೆ 'ಒಂದು' ಬೇಕಿಲ್ಲ. 1,100ಕ್ಕೆ 'ಒಂದು ಸಾವಿರದ ನೂರು' ಸಾಕು, ಅಕ್ಕಪಕ್ಕ ಜಾಗ ಬಿಡದಿದ್ದರೆ.

ಮೊತ್ತ ಉದ್ದವಾಗಿ ಎರಡನೇ ಸಾಲಿಗೆ ಹೋಗಬೇಕಾದರೆ ಕೊಂಡಿಯ ಹತ್ತಿರವೇ ಮುರಿಯಿರಿ. ಮೊದಲ ಸಾಲು 'ಒಂದು ಲಕ್ಷದ ಇಪ್ಪತ್ತೈದು ಸಾವಿರದ' ಎಂದು ನಿಂತರೆ ಓದುವವರ ಕಣ್ಣು ತಾನಾಗೇ ಕೆಳಗೆ ಇಳಿಯುತ್ತದೆ. ಎರಡನೇ ಸಾಲಿನಲ್ಲಿ 'ನಾಲ್ಕುನೂರ ಐವತ್ತು ರೂಪಾಯಿ ಮಾತ್ರ'. ಉಳಿದ ಖಾಲಿ ಜಾಗಕ್ಕೆ ಒಂದು ಗೆರೆ ಎಳೆಯಿರಿ. ಚೆಕ್ಕಿನಲ್ಲಿ ಸಾಲಿನ ಆರಂಭದಲ್ಲೇ ರೂಪಾಯಿ ಎಂದು ಹಿಂದಿ, ಇಂಗ್ಲಿಷಿನಲ್ಲಿ ಅಚ್ಚಾಗಿರುತ್ತದೆ. ಕೊನೆಯಲ್ಲಿ ನೀವು ಇನ್ನೊಮ್ಮೆ ಬರೆದರೆ ನಷ್ಟವಿಲ್ಲ, ಬೀಗ ಹಾಕಿದ ಹಾಗೆ.

ಪಕ್ಕದ ಚೌಕದಲ್ಲಿ ಅಂಕಿ: 1,25,450/-. ₹ ಗುರುತಿಗೆ ತಾಗಿಸಿ ಬರೆಯಿರಿ. ಕನ್ನಡ ಅಂಕಿಯ ಮೇಲೆ ನನಗೂ ಪ್ರೀತಿ ಇದೆ. ಆದರೆ ಕೈಬರಹದಲ್ಲಿ ೬ ಮತ್ತು ೯ ಅಣ್ಣತಮ್ಮಂದಿರು, ೧ರ ಬಾಯಿ ಸ್ವಲ್ಪ ಮುಚ್ಚಿದರೆ ಅದು ೦. ಚೌಕದೊಳಗೆ 1, 2, 3 ಇರಲಿ. ಕನ್ನಡದ ಕೆಲಸವನ್ನು ಅಕ್ಷರ ಮಾಡುತ್ತದೆ.

ತಪ್ಪಾದರೆ? ಹೊಡೆದು ಪಕ್ಕದಲ್ಲಿ ಸಹಿ ಮಾಡುವ ಕಾಲ ಹೋಯಿತು. ಈಗ ಚೆಕ್ಕಿನ ಬದಲು ಅದರ ಚಿತ್ರ ಓಡಾಡುತ್ತದೆ. ಆ ವ್ಯವಸ್ಥೆಯಲ್ಲಿ ಹೆಸರನ್ನೋ ಮೊತ್ತವನ್ನೋ ತಿದ್ದಿದ ಚೆಕ್ ನಡೆಯುವುದಿಲ್ಲ. ಹರಿದು ಹೊಸದು ಬರೆಯಿರಿ. ಗಾಢವಾದ ನೀಲಿ ಅಥವಾ ಕಪ್ಪು ಶಾಯಿ ಬಳಸಿ. 50,000 ಮತ್ತು ಅದಕ್ಕೂ ಮೇಲ್ಪಟ್ಟ ಚೆಕ್ಕಾದರೆ ಪಾಸಿಟಿವ್ ಪೇ ಎಂಬ ಸೌಲಭ್ಯ 2021ರಿಂದ ಇದೆ. ಚೆಕ್ಕಿನ ವಿವರವನ್ನು ಮೊದಲೇ ಬ್ಯಾಂಕಿಗೆ ತಿಳಿಸಿಡುವುದು. ದಿನಾಂಕದಿಂದ ಮೂರು ತಿಂಗಳೊಳಗೆ ಚೆಕ್ಕು ಬ್ಯಾಂಕಿಗೆ ಹೋಗಬೇಕು ಎನ್ನುವುದೂ ಗೊತ್ತಿರಲಿ.

ರಸೀದಿ, ಕೈಸಾಲ, ಕರಾರು

ಇಲ್ಲಿ ರೂಢಿ ಹೀಗೆ: ಮೊದಲು ಅಂಕಿ, ಪಕ್ಕದ ಕಂಸದಲ್ಲಿ ಅಕ್ಷರ. 'ರೂ. 5,00,000/- (ಐದು ಲಕ್ಷ ರೂಪಾಯಿ ಮಾತ್ರ)'. ಪ್ರತಿ ಸಲ ಮೊತ್ತ ಬಂದಾಗಲೂ ಹೀಗೇ ಬರೆಯಿರಿ, ಮೊದಲ ಪುಟದಲ್ಲಿ ಬರೆದಾಯಿತಲ್ಲ ಎಂದು ಬಿಡಬೇಡಿ. 5,000 ರೂಪಾಯಿಗಿಂತ ಹೆಚ್ಚು ನಗದು ಪಡೆದು ರಸೀದಿ ಕೊಡುವುದಾದರೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪ್ ಅಂಟಿಸಿ ಅದರ ಮೇಲೆ ಸಹಿ. ನೋಂದಣಿಗೆ ಹೋಗುವ ಪತ್ರದಲ್ಲಿ ತಿದ್ದುಪಡಿ ಇದ್ದರೆ ಬರೆದುಕೊಟ್ಟವರು ಅಲ್ಲೇ ಸಹಿ ಹಾಕಬೇಕು. ಇದು ಬಾಂಡ್ ರೈಟರ್‌ಗಳಿಗೆ ಗೊತ್ತು, ಮನೆಯಲ್ಲಿ ಬರೆದುಕೊಳ್ಳುವವರಿಗೆ ಗೊತ್ತಿರುವುದಿಲ್ಲ.

ನಮ್ಮ ಮಾತಿನ ಅತಿ ಚಂದದ ಸಂಖ್ಯೆಗಳು ಕರಾರಿಗೆ ಮಾತ್ರ ಆಗಿಬರುವುದಿಲ್ಲ. ಒಂದೂಕಾಲು, ಒಂದೂವರೆ, ಒಂದೂಮುಕ್ಕಾಲು, ಎರಡೂವರೆ. ಬೆಳಗಾವಿ ಕಡೆ ಮರಾಠಿಯ ಪ್ರಭಾವದಿಂದ ದೀಡ, ಅಡೀಚ ಅಂತಲೂ ಹೇಳುತ್ತಾರೆ, ಒಂದೂವರೆ, ಎರಡೂವರೆ ಎಂಬ ಅರ್ಥದಲ್ಲಿ. 'ಒಂದೂವರೆ ಲಕ್ಷ' ಎಂದರೆ ಎಲ್ಲರಿಗೂ 1,50,000. ಆದರೂ ಕಾಗದದಲ್ಲಿ 'ಒಂದು ಲಕ್ಷದ ಐವತ್ತು ಸಾವಿರ' ಎಂದು ಬಿಡಿಸಿ. ಎರಡೂಕಾಲು ಲಕ್ಷ ಎಂದರೆ 2,25,000. ಅದನ್ನು 2,40,000 ಎಂದು ಲೆಕ್ಕ ಹಾಕಿದ ಹುಡುಗರನ್ನು ನೋಡಿದ್ದೇನೆ. ಕಾಲು ಮಗ್ಗಿ, ಅರೆ ಮಗ್ಗಿ ಕಲಿಸುವವರು ಇಲ್ಲದ ಮೇಲೆ ಇದು ಸಹಜ. ಹಾಗೇ ನಾಲ್ಕೈದು, ಐದಾರು, ಏಳೆಂಟು ಎಂಬ ಅಂದಾಜಿನ ಜೋಡಿಗಳು. 'ನಾಲ್ಕೈದು ಸಾವಿರ ಕೊಡತಕ್ಕದ್ದು' ಎಂದು ಬರೆದ ಕಾಗದಕ್ಕೆ ಯಾವ ಬೆಲೆಯೂ ಇಲ್ಲ.

ಬಡ್ಡಿಯ ಮಾತು ಬಂದಾಗ ಇನ್ನೂ ಹುಷಾರು. ಊರಿನ ಕೈಸಾಲದಲ್ಲಿ 'ನೂರಕ್ಕೆ ಎರಡು' ಎಂದರೆ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ. ವರ್ಷಕ್ಕೆ ಶೇಕಡಾ ಇಪ್ಪತ್ತನಾಲ್ಕು. 50,000 ರೂಪಾಯಿ ಸಾಲಕ್ಕೆ ತಿಂಗಳಿಗೆ 1,000, ವರ್ಷಕ್ಕೆ 12,000. ಬ್ಯಾಂಕಿನ ಭಾಷೆಯಲ್ಲಿ ಶೇಕಡಾ ಎರಡು ಎಂದರೆ ವರ್ಷಕ್ಕೇ 1,000. ಅದೇ 'ಎರಡು', ಹನ್ನೆರಡು ಪಟ್ಟು ವ್ಯತ್ಯಾಸ. ಪ್ರೋನೋಟಿನಲ್ಲಿ, ಅಂದರೆ ಸಾಲ ತೀರಿಸುತ್ತೇನೆಂದು ಬರೆದುಕೊಡುವ ಪತ್ರದಲ್ಲಿ, 'ಪ್ರತಿ ತಿಂಗಳು ನೂರು ರೂಪಾಯಿಗೆ ಎರಡು ರೂಪಾಯಿಯಂತೆ' ಎಂದೋ 'ವಾರ್ಷಿಕ ಶೇಕಡಾ ಇಪ್ಪತ್ತನಾಲ್ಕರಂತೆ' ಎಂದೋ ಪೂರ್ತಿ ಬರೆಯಿಸಿ. ಬರೆಯಲು ಹಿಂದೆಮುಂದೆ ನೋಡುವವರ ಹತ್ತಿರ ಸಾಲ ತೆಗೆದುಕೊಳ್ಳಬೇಡಿ.

ಪಹಣಿಯ ಚುಕ್ಕಿ, ಚಿನ್ನದ ಚುಕ್ಕಿ

ದಶಮಾಂಶ ಓದುವಾಗ ಬಿಂದುವಿನ ನಂತರ ಒಂದೊಂದೇ ಅಂಕಿ ಹೇಳಬೇಕು. 3.75 ಎಂದರೆ ಮೂರು ಪಾಯಿಂಟ್ ಏಳು ಐದು. ಇಷ್ಟು ಸಾಮಾನ್ಯ ನಿಯಮ. ಆದರೆ ಪಹಣಿಯಲ್ಲಿ ಕಾಣುವ ಚುಕ್ಕಿ ದಶಮಾಂಶವೇ ಅಲ್ಲ. 2.20 ಎಂದಿದ್ದರೆ ಎರಡು ಎಕರೆ ಇಪ್ಪತ್ತು ಗುಂಟೆ. ಎಕರೆಗೆ ನಲವತ್ತು ಗುಂಟೆ, ಹಾಗಾಗಿ ಅದು ಎರಡೂವರೆ ಎಕರೆ. ಇದನ್ನು ದಶಮಾಂಶ ಎಂದು ಓದಿದರೆ ಎರಡು ಎಕರೆ ಎಂಟು ಗುಂಟೆ ಆಗುತ್ತದೆ, ಹನ್ನೆರಡು ಗುಂಟೆ ಗಾಳಿಗೆ ಹೋಗುತ್ತದೆ. ಗುಂಟೆಗೆ 1,089 ಚದರಡಿ. ಬೆಂಗಳೂರಿನ ಹತ್ತಿರವಾದರೆ ಆ ಹನ್ನೆರಡು ಗುಂಟೆಯ ಬೆಲೆ ನೀವೇ ಲೆಕ್ಕ ಹಾಕಿ. ಕ್ರಯದ ಕರಾರಿನಲ್ಲಿ '2 ಎಕರೆ 20 ಗುಂಟೆ (ಎರಡು ಎಕರೆ ಇಪ್ಪತ್ತು ಗುಂಟೆ)' ಎಂದೇ ಇರಬೇಕು.

ಚಿನ್ನದ ಅಂಗಡಿಯ ಚೀಟಿಯಲ್ಲಿ 8.120 ಎಂದರೆ ಎಂಟು ಗ್ರಾಂ ನೂರ ಇಪ್ಪತ್ತು ಮಿಲಿ. ಕೊನೆಯ ಸೊನ್ನೆ ಬಿಟ್ಟು 8.12 ಎಂದು ಬರೆದರೂ ಅಷ್ಟೇ ತೂಕ. ಹನ್ನೆರಡು ಮಿಲಿ ಎಂದು ಓದಬೇಡಿ.

ದಿನಾಂಕ ಮತ್ತು ಇಸವಿ

ಶಾಲೆಯ ದಾಖಲಾತಿ ಪುಸ್ತಕದಲ್ಲಿ, ಟಿ.ಸಿ.ಯಲ್ಲಿ ಹುಟ್ಟಿದ ದಿನವನ್ನು ಅಕ್ಷರದಲ್ಲೂ ಬರೆಯುತ್ತಾರೆ. ಇಸವಿಗೆ 'ಒಂದು ಸಾವಿರದ' ಎಂದು ಶುರುಮಾಡುವುದಿಲ್ಲ, ಬರೀ 'ಸಾವಿರದ'. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದ 1-11-1973ನ್ನು ಬರೆದರೆ 'ಒಂದನೇ ನವೆಂಬರ್ ಸಾವಿರದ ಒಂಬೈನೂರ ಎಪ್ಪತ್ತಮೂರು'. 'ಹತ್ತೊಂಬತ್ತು ನೂರ ಎಪ್ಪತ್ತಮೂರು' ಮಾತಿನಲ್ಲಿ ಇದೆ, ದಾಖಲೆಯಲ್ಲಿ ಬೇಡ. 2009 ಎಂದರೆ ಎರಡು ಸಾವಿರದ ಒಂಬತ್ತು. ಇಲ್ಲಿ ಬೀಗದ ಚಿಂತೆ ಇಲ್ಲ, ಇಸವಿಗೆ ಮುಂದೆ 'ಹತ್ತು' ಸೇರಿಸಿ ಯಾರೂ ಲಾಭ ಮಾಡಿಕೊಳ್ಳಲಾರರು.

ಕೋಟಿ ದಾಟಿದ ಮೇಲೆ, ಕಡಲು ದಾಟಿದ ಮೇಲೆ

ಕೋಟಿಗಿಂತ ಮೇಲಿನ ಹೆಸರುಗಳು ಹಳೇ ಗಣಿತದಲ್ಲಿ ಇವೆ. ಬಳಕೆಯಲ್ಲಿಲ್ಲ. ಕೋಟಿಯನ್ನೇ ಎಣಿಸುತ್ತೇವೆ: ನೂರು ಕೋಟಿ, ಸಾವಿರ ಕೋಟಿ, ಲಕ್ಷ ಕೋಟಿ. ಕರ್ನಾಟಕದ 2025-26ರ ಬಜೆಟ್ಟಿನ ಗಾತ್ರ 4,09,549 ಕೋಟಿ. ಅಂದರೆ ನಾಲ್ಕು ಲಕ್ಷದ ಒಂಬತ್ತು ಸಾವಿರದ ಐನೂರ ನಲವತ್ತೊಂಬತ್ತು ಕೋಟಿ ರೂಪಾಯಿ.

ಅಮೆರಿಕದಲ್ಲೋ ಕೊಲ್ಲಿ ದೇಶದಲ್ಲೋ ಇದ್ದು ಊರಿನ ಆಸ್ತಿಗೆ ಅಧಿಕಾರಪತ್ರ ಕಳಿಸುವವರು ಮಿಲಿಯನ್ನಿನಲ್ಲಿ ಯೋಚಿಸುತ್ತಾರೆ. ಒಂದು ಮಿಲಿಯನ್ ಹತ್ತು ಲಕ್ಷ, ಒಂದು ಬಿಲಿಯನ್ ನೂರು ಕೋಟಿ. ಅವರ ಕಂಪ್ಯೂಟರ್ ಅಲ್ಪವಿರಾಮವನ್ನೂ ಮೂರಂಕಿಗೊಮ್ಮೆ ಹಾಕುತ್ತದೆ: 7,500,000. ಇದನ್ನು ಇಲ್ಲಿಯವರು ಅವಸರದಲ್ಲಿ ನೋಡಿದರೆ ಏಳು ಕೋಟಿ ಅನ್ನಿಸಬಹುದು. ಅಲ್ಪವಿರಾಮ ಎಲ್ಲ ಅಳಿಸಿ, ಬಲದಿಂದ ಮತ್ತೆ ಕತ್ತರಿಸಿ: 75,00,000. ಎಪ್ಪತ್ತೈದು ಲಕ್ಷ ರೂಪಾಯಿ ಮಾತ್ರ.

ಕೈ ಪಳಗಲು

ಉತ್ತರ ಮುಚ್ಚಿಕೊಂಡು ಬರೆದು ನೋಡಿ. ಹುಡುಗನಿಗೂ ಇವನ್ನೇ ಕೊಟ್ಟಿದ್ದೆ. ಎರಡನೆಯದರಲ್ಲಿ ಎರಡು ಸಲ ಎಡವಿದ.

3,04,070: ಮೂರು ಲಕ್ಷದ ನಾಲ್ಕು ಸಾವಿರದ ಎಪ್ಪತ್ತು ರೂಪಾಯಿ ಮಾತ್ರ.

99,989.05: ತೊಂಬತ್ತೊಂಬತ್ತು ಸಾವಿರದ ಒಂಬೈನೂರ ಎಂಬತ್ತೊಂಬತ್ತು ರೂಪಾಯಿ ಐದು ಪೈಸೆ ಮಾತ್ರ.

1,00,134: ಒಂದು ಲಕ್ಷದ ನೂರ ಮೂವತ್ತನಾಲ್ಕು ರೂಪಾಯಿ ಮಾತ್ರ.

2,00,00,002: ಎರಡು ಕೋಟಿ ಎರಡು ರೂಪಾಯಿ ಮಾತ್ರ.